ರಸೀದಿ ಬರೆಯುವವಳು

ದಿನಕ್ಕೆ ಹತ್ತು ಸಲವಾದರೂ ಕೇಳುತ್ತಾರೆ
ಕೌಂಟರಿಗೆ ಮೊಣಕೈ ಊರಿ:
"ಕೊಟ್ಟ ದುಡ್ಡಿಗೆ ಮೋಸವಿಲ್ಲ ತಾನೆ?"
ನಾನು ಲಿತಿಯಾ, ರಸೀದಿ ಬರೆಯುವವಳು,
ಹನ್ನೊಂದು ವರ್ಷದಿಂದ ಹೇಳುತ್ತಿದ್ದೇನೆ, ಖಂಡಿತ ಇಲ್ಲ.
ಒಮ್ಮೆಯೂ ಇಳಿದು ನೋಡಿಲ್ಲ.
ಈಜುಕೊಳದಲ್ಲಿ ಕಲಿತ ಡೈವಿಂಗಿನ ಸರ್ಟಿಫಿಕೇಟು
ಡ್ರಾಯರಿನಲ್ಲಿ, ಸ್ಟೇಪ್ಲರಿನ ಕೆಳಗೆ.

ಈಗ ಯಜಮಾನ ಅಂದಿದ್ದಾನೆ,
ಗುರುವಾರದ ದೋಣಿಯಲ್ಲಿ ಒಂದು ಜಾಗ ಖಾಲಿ, ಹೋಗಿ ಬಾ, ಬಿಟ್ಟಿ.
ಬೆಲೆಯಿದ್ದರೆ ಚೌಕಾಸಿ ಮಾಡಬಹುದಿತ್ತು.

ಬೆಳಿಗ್ಗೆ ಆರಕ್ಕೆ ಡ್ರಮ್ಮು ಬರುತ್ತದೆ,
ಕಾರ್ಖಾನೆ ಬೇಡವೆಂದ ಟ್ಯೂನಾ ತಲೆಗಳು,
ಕಣ್ಣು ತೆರೆದುಕೊಂಡೇ.
ಆ ವಾಸನೆ ನನ್ನ ಲೆಡ್ಜರಿಗೂ ಹತ್ತಿದೆ.
ಸೋದರಮಾವ ಇಲಿಸೋನಿ
ಒಂದು ಪ್ರಾರ್ಥನೆ ಹೇಳಿ, ಉಕ್ಕಿನ ಕೈಗವಸು ತೊಟ್ಟು
ಕೆಳಗಿಳಿದು ಬಡಿಸುತ್ತಾನಂತೆ
ಮದುವೆಮನೆಯಲ್ಲಿ ಪಂಕ್ತಿಗೆ ಬಡಿಸಿದ ಹಾಗೆ,
ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ.
ಶಾರ್ಕುಗಳಿಗೆಲ್ಲ ಹೆಸರಿಟ್ಟಿದ್ದಾನೆ.
ಬಾಲ ಹರಿದವಳು. ಅವಸರದವಳು.
ಗಾಳದ ಕೊಕ್ಕೆ ದವಡೆಯಲ್ಲೇ ಉಳಿದವಳು ಯಾವಾಗಲೂ
ಎಡಗಡೆಯಿಂದ, ಕೊನೆಗೆ ಬರುತ್ತಾಳೆ,
ಅವಳಿಗೆ ನಾಚಿಕೆ, ಅನ್ನುತ್ತಾನೆ.
ಹೆಂಡತಿಯ ಹುಟ್ಟುಹಬ್ಬ ಪ್ರತಿ ವರ್ಷ ಮರೆಯುತ್ತಾನೆ.

ಲೆಕ್ಕವೂ ನನಗೆ ಗೊತ್ತು.
ಪ್ರವಾಸಿಯ ತಲೆಗೆ ಇಪ್ಪತ್ತೈದು ಡಾಲರು ನಮ್ಮ ಹಳ್ಳಿಯ ಪಾಲು,
ಅದಕ್ಕೆ ಬದಲು ಆ ಹವಳದ ದಿಬ್ಬದಲ್ಲಿ ನಾವು ಬಲೆ ಬೀಸುವಂತಿಲ್ಲ.
ಶಾಲೆಯ ತಗಡು ಆ ದುಡ್ಡಿನದು,
ಚಂಡಮಾರುತ ಕಿತ್ತೊಯ್ದ ಮೇಲೆ
ಮತ್ತೆ ಹೊದಿಸಿದ್ದೂ ಆ ದುಡ್ಡಿನದೇ.
ಅಜ್ಜಿ ಮಾತ್ರ ಸಾಯುವವರೆಗೂ ಒಪ್ಪಲಿಲ್ಲ:
"ಸಮುದ್ರಕ್ಕೆ ನಾವು ಉಣಿಸುವುದೆ?
ಹೆತ್ತವಳಿಗೆ ಮಕ್ಕಳು ಚಮಚದಲ್ಲಿ ತಿನ್ನಿಸುವುದು
ಅವಳು ಹಾಸಿಗೆ ಹಿಡಿದಾಗ."

ಮತ್ತೆ ಆ ಭಾನುವಾರ.
ಭಾನುವಾರ ಫಿಜಿಯಲ್ಲಿ ಯಾರೂ ದೋಣಿ ಬಿಡುವುದಿಲ್ಲ, ಚರ್ಚು.
ಅವತ್ತು ಸಲೋಟೆಗೆ ಹೆರಿಗೆ ನೋವು,
ಅಡ್ಡದಾರಿಯೆಂದು ದಿಬ್ಬದ ಮೇಲೇ ಹಾದೆವು.
ಎಂಜಿನ್ ಕೊಂಚ ನಿಧಾನವಾಯಿತು, ಅಷ್ಟೇ.
ಕೆಳಗೆ ನೆರಳು. ಒಂದು, ಮೂರು, ಎಂಟು,
ಎಣಿಸುವುದೇ ಕಸುಬಾದ ನಾನು ಎಣಿಸುವುದು ಬಿಟ್ಟೆ.
ಡ್ರಮ್ಮಿರಲಿಲ್ಲ, ಮಾವನಿರಲಿಲ್ಲ,
ಸುಮ್ಮನೆ ಸುತ್ತ ತಿರುಗಿದವು
ಗಂಟೆ ಹೊಡೆದರೂ ತಟ್ಟೆ ಬರದ ಮಕ್ಕಳ ಹಾಗೆ.
"ಪಾಪ, ಹಸಿದಿವೆ" ಎಂದಳು ಸಲೋಟೆ, ನೋವಿನ ನಡುವೆ.
ಉಪ್ಪು ತಿಂದವರು ನೀರು ಕುಡಿಯಬೇಕು, ಸರಿ.
ಉಪ್ಪುನೀರಲ್ಲೇ ಹುಟ್ಟಿದವಕ್ಕೆ
ಯಾವ ಬಾಯಾರಿಕೆ ಕಲಿಸಿದೆವು ನಾವು?

ಹೋದ ತಿಂಗಳು ಒಬ್ಬ ಡಚ್ ಮುದುಕ
ಮೇಲೆ ಬಂದವನು ಕೌಂಟರಿನ ಮುಂದೆ ನಿಂತೇ ಇದ್ದ,
ನೆಲವೆಲ್ಲ ನೀರು.
ಹೇಗಿತ್ತು ಅಂದೆ.
"ಅವಳು ನನ್ನನ್ನು ನೋಡಿದಳು."
ಆಮೇಲೆ, ಟವಲು ಮಡಿಸುತ್ತಾ,
"ಇಲ್ಲ, ನನ್ನ ಹಿಂದಿದ್ದ ಡ್ರಮ್ಮನ್ನು ಅನಿಸುತ್ತೆ."
ಚಪ್ಪಲಿ ಬಿಟ್ಟು ಹೋದ. ಈಗಲೂ ಇಲ್ಲೇ ಇವೆ.

ಬುಧವಾರ ಸಂಜೆ. ಪುಸ್ತಕ ತೆರೆದಿದ್ದೇನೆ.
ಹೆಸರು, ಬರೆದೆ.
ತೂಕ, ಬರೆದೆ, ಸ್ವಲ್ಪ ಕಡಿಮೆ ಮಾಡಿ.
ಕಾಯಿಲೆ, ಇಲ್ಲ.
ಮೊತ್ತದ ಖಾನೆಯಲ್ಲಿ ಪೆನ್ನು ನಿಂತಿತು.
ಪರ್ಸು ತೆಗೆದು ಇಪ್ಪತ್ತೈದು ಎಣಿಸಿ
ಹಳ್ಳಿಯ ಪಾಲಿನ ಡಬ್ಬಿಗೆ ಹಾಕಿದೆ,
ನನ್ನ ಹೆಸರಿಗೆ ನಾನೇ ರಸೀದಿ ಹರಿದುಕೊಂಡೆ.

ಮಾವನಿಗೆ ಒಂದೇ ಮಾತು ಹೇಳಿದ್ದು:
ಡ್ರಮ್ಮು ತೆರೆಯುವ ಮೊದಲು ನನ್ನನ್ನು ಇಳಿಸು,
ಎರಡು ನಿಮಿಷ ಸಾಕು,
ಬರಿಗೈ ನೋಡಿಯೂ
ಕೊಕ್ಕೆಯವಳು ಹತ್ತಿರ ಬರುತ್ತಾಳೋ ಇಲ್ಲವೋ.
ಅವನು ಕೈಗವಸು ಒಣಗಲು ಹಾಕುತ್ತಿದ್ದ.
ತುಂಬ ಹೊತ್ತು ಏನೂ ಹೇಳಲಿಲ್ಲ.
"ನೋಡೋಣ," ಅಂದ, "ನಾಳೆ ಸೆಳೆತ ಹೇಗಿರುತ್ತೋ."