ಮೋಟುಗೋಡೆ

ನಮ್ಮ ವಠಾರದ ಗೋಡೆಗಳು ಸೂರು ಮುಟ್ಟುವುದಿಲ್ಲ.
ಕಟ್ಟಿಸಿದವನಿಗೆ ಇಟ್ಟಿಗೆ ಸಾಲದಾಯಿತೋ, ಮನಸ್ಸೋ,
ಮೇಲೊಂದು ಗೇಣು ಬಿಟ್ಟು ತಗಡು ಹೊದಿಸಿದ.
ಆ ಗೇಣಿನಲ್ಲಿ ಹಾದು ಬರುತ್ತಿತ್ತು
ಖೈರುನಬಿಯ ಮನೆಯ ಬೆಳ್ಳುಳ್ಳಿ ಒಗ್ಗರಣೆ,
ಮೊಮ್ಮಗನ ಮಗ್ಗಿ (ಹದಿಮೂರರಲ್ಲಿ ದಿನಾ ಎಡವುತ್ತಾನೆ),
ಅವರ ಬಲ್ಬಿನ ಒಂದಿಷ್ಟು ಬೆಳಕು,
ನನ್ನ ಕ್ಯಾಲೆಂಡರಿನ ಅರ್ಧ ತಿಂಗಳಿಗಾಗುವಷ್ಟು.

ನಾನು ಡಿಪೋದಲ್ಲಿ ಟೈರು ಬಿಚ್ಚುವವನು.
ಎರಡನೇ ಪಾಳಿ ಮುಗಿಸಿ ಬಂದರೆ ರಾತ್ರಿ ಒಂದೂವರೆ.
ಚಪ್ಪಲಿ ಬಿಡುವ ಮೊದಲೇ ಕಡ್ಡಿ ಗೀರಿ
ಮಂಚದ ಮೇಲೆ ಅಂಗಾತ ಬಿದ್ದು
ಹೊಗೆಯನ್ನು ನೆಟ್ಟಗೆ ಮೇಲಕ್ಕೆ ಬಿಡುತ್ತಿದ್ದೆ.
ಮೇಲಕ್ಕೆ ಬಿಟ್ಟದ್ದು ಮೇಲಕ್ಕೇ ಹೋಗುತ್ತದೆಂದು
ನನಗೆ ಯಾರು ಹೇಳಿದ್ದರು?

ಬೆಳಕು ಬರುವುದು ನಿಂತು ಎಷ್ಟು ದಿನವಾಗಿತ್ತೋ,
ಕರೆಂಟು ಉಳಿಸುತ್ತಾರೆ ಅಂದುಕೊಂಡಿದ್ದೆ.
ಒಂದು ಭಾನುವಾರ ನನ್ನ ಬಲ್ಬೂ ಸುಟ್ಟಿತು.
ಸ್ಟೂಲಿನ ಮೇಲೆ ಟ್ರಂಕು, ಟ್ರಂಕಿನ ಮೇಲೆ ನಾನು.
ಆಗ ಕಂಡೆ: ಗೇಣಿನುದ್ದಕ್ಕೂ ಆ ಬದಿಯಿಂದ ತುರುಕಿದ ಬಟ್ಟೆ.
ಹಳೇ ಸೀರೆಯ ಸೆರಗು, ಯೂನಿಫಾರ್ಮಿನ ಚಡ್ಡಿ,
ಮಂಡಕ್ಕಿ ಚೀಲದ ತುಂಡು.
ನನ್ನ ಮಂಚದ ನೇರಕ್ಕೆ ಮಾತ್ರ ಎರಡು ಪದರ.
ನನ್ನ ಕಡೆಯ ಮಡಿಕೆ ಚಹಾದ ಬಣ್ಣಕ್ಕೆ ತಿರುಗಿತ್ತು.
ಮುಟ್ಟಿದೆ. ಒದ್ದೆ.
ದಿನಾ ನೆನೆಸಿ ಇಡುತ್ತಿದ್ದಾಳೆ ಹಾಗಾದರೆ.
ಅರವತ್ತು ದಾಟಿದ ಹೆಂಗಸು,
ನಾನಿಲ್ಲದ ಹೊತ್ತು ನೋಡಿ,
ಯಾವ ಸ್ಟೂಲಿನ ಮೇಲೆ ಯಾವ ಟ್ರಂಕು?

ಬಾಯಿಬಿಟ್ಟು ಒಂದು ಮಾತು ಅಂದವಳಲ್ಲ.
ನಲ್ಲಿಯ ಹತ್ತಿರ ಸಿಕ್ಕರೆ, "ಊಟಾತೇನಪ ಕರಿಬಸಣ್ಣ?"
ಇಪ್ಪತ್ತೆರಡು ವರ್ಷ ಮಂಡಕ್ಕಿ ಭಟ್ಟಿಯ ಮುಂದೆ
ಕಾದ ಮರಳು ಕೆದಕಿದ ಎದೆ ಅದು,
ಈಗ ಬಡ್ಡಿಯಂಗಡಿಯವನ ಹಾಗೆ
ಉಸಿರನ್ನು ಎಣಿಸಿ ಎಣಿಸಿ ಕೊಡುತ್ತದೆ.

ದಾವಣಗೆರೆಯಲ್ಲಿ ಹೊಗೆಗೇನು ಬರವೇ,
ಭಟ್ಟಿಯದು, ಲಾರಿಯದು, ಕಸದ ಗುಡ್ಡೆಯದು,
ಅದರಲ್ಲಿ ನನ್ನದೊಂದು ಬೆರಳುದ್ದ—
ಒಳಗೊಳಗೇ ವಾದ ಹೂಡಿದೆ.
ಬಟ್ಟೆ ಒದ್ದೆ ಇತ್ತು. ಸೋತೆ.

ಸೇದುವುದನ್ನೇ ಬಿಟ್ಟೆ ಎಂದು ಬರೆಯುವ ಆಸೆ. ಬಿಟ್ಟಿಲ್ಲ.
ಈಗ ಎದ್ದು ಹೋಗುತ್ತೇನೆ.
ನಲ್ಲಿ ದಾಟಿ, ಒಗೆಯುವ ಕಲ್ಲು ದಾಟಿ, ಗೇಟು ದಾಟಿ,
ಕೆಟ್ಟುನಿಂತ ಬೋರಿನ ತನಕ ಎಪ್ಪತ್ತೆರಡು ಹೆಜ್ಜೆ.
ಬೆರಳು ನೆಕ್ಕಿ ಗಾಳಿ ನೋಡುತ್ತೇನೆ,
ರಾಶಿ ತೂರುವವರ ಹಾಗೆ.
ಮೊದಲ ವಾರ ಬೊಗಳಿದ ನಾಯಿಗಳು
ಈಗ ಪಕ್ಕದಲ್ಲೇ ಕೂರುತ್ತವೆ.
ಕಂದು ನಾಯಿಯೊಂದು ಸೀನುತ್ತದೆ,
ಅದಕ್ಕೂ ಬೆನ್ನು ತಿರುಗಿಸಿ ನಿಲ್ಲುತ್ತೇನೆ.
ಬಾಯಿ ಮುಕ್ಕಳಿಸಿ, ಅಂಗಿಯನ್ನು ಹೊರಗಿನ ತಂತಿಗೆ ಹಾಕಿ,
ಮಲಗಿ ಕಿವಿಗೊಡುತ್ತೇನೆ,
ಶನಿವಾರ ಸಂಜೆ ಕೂಲಿಗೆ ಕಾಯುವವನಂತೆ.

ಎರಡು ಗಂಟೆಗೆ ಸರಿಯಾಗಿ ಕೆಮ್ಮು.
ಮರುದಿನವೂ. ಅದರ ಮರುದಿನವೂ.
ಸಿಟ್ಟು ಬಂತು. ಬಂದದ್ದಕ್ಕೆ ನಾಚಿಕೆಯೂ.

ತಿಂಗಳಾದ ಮೇಲೆ ನಲ್ಲಿಯ ಹತ್ತಿರ,
ಕೊಡ ಅರ್ಧ ತುಂಬಿದಾಗ ಅಂದಳು:
"ಒಂದ್ ಮಾತು, ಬ್ಯಾಸ್ರ ಮಾಡ್ಕಬ್ಯಾಡ.
ನೀ ಹೊರಗೆ ಹೋಗಿ ಸೇದ್ತೀಯ, ನಂಗೆ ಗೊತ್ತೈತಿ.
ಆದ್ರೆ ನಿನ್ ಬಾಗ್ಲು ಐತಲ್ಲ,
ಹೋಗ್ವಾಗೊಂದ್ಸಲ ಬರ್ವಾಗೊಂದ್ಸಲ ಕಿರ್ರಂತತಿ.
ಆ ಸಪ್ಳಕ್ಕೆ ಎಚ್ರ. ಎಚ್ರಾದ್ರೆ ಕೆಮ್ಮು."

ಇವತ್ತು ವಾರದ ರಜೆ.
ನಿನ್ನೆ ಡಿಪೋದಿಂದ ಗ್ರೀಸು ತಂದಿದ್ದೇನೆ ಕಡ್ಡಿಪೆಟ್ಟಿಗೆಯಲ್ಲಿ,
ಕಡ್ಡಿಗಳನ್ನು ಜೇಬಿಗೆ ಸುರಿದುಕೊಂಡು.
ಕೀಲಿಗೆ ಬೆರಳಿಂದ ಸವರುತ್ತಿದ್ದೇನೆ, ಮೇಲೊಂದು, ಕೆಳಗೊಂದು.
ಬಾಗಿಲು ಇನ್ನೂ ಸ್ವಲ್ಪ ಗೊಣಗುತ್ತದೆ.
ಆಚೆ ಹುಡುಗ ನಿಂತುಬಿಟ್ಟಿದ್ದಾನೆ,
"ಹದಿಮೂರೇಳ್ಲೆ ತೊಂಬತ್ತ... ತೊಂಬತ್ತ..."
"ತೊಂಬತ್ತೊಂದಪ" ಎಂದೆ, ಗೋಡೆಯ ಕಡೆ ಮುಖ ಎತ್ತಿ.
ಒದ್ದೆ ಬಟ್ಟೆಯ ಹಿಂದೆ
ಯಾರೋ ನಕ್ಕ ಹಾಗಾಯಿತು,
ಆಮೇಲೆ ಕೆಮ್ಮಿದ ಹಾಗೆ.