ಎಂಟು, ಒಂದು

ಬೆಳಿಗ್ಗೆ ಏಳೂವರೆಗೆ ಎರಡು ಜೊತೆ ಕೈಗವಸು,
ಬೆನ್ನಿಗೆ ಗಂಟು ಬೀಳುವ ನಿಲುವಂಗಿ.
ಗಾಜಿನ ಕಪಾಟಿನೊಳಗೆ ಗಾಳಿ ಕೆಳಮುಖವಾಗಿ ಬೀಸುತ್ತದೆ,
ನಾನು ಮೊಣಕೈತನಕ ಮಾತ್ರ ಒಳಗೆ.
ಕುಂಕುಮ ಕದಡಿದಂತಿರುವ ಡಾಕ್ಸೊರುಬಿಸಿನ್
ನರದಿಂದ ಹೊರಗೆ ಸೋರಿದರೆ ತೋಳನ್ನೇ ಸುಡುತ್ತದೆ.
ಒಂದು ಹನಿಗೂ ಲೆಕ್ಕ ಬರೆಯಬೇಕು.

ಸೊಲ್ಲಾಪುರದ ಈ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಕೆಮೊ ಬೆರೆಸುವವಳು, ಶಿವಲೀಲಾ ಬಿರಾಜದಾರ.
ಮನೆಯ ಮಾತು ಕನ್ನಡ, ಕಲಿತದ್ದು ಮರಾಠಿ,
ಔಷಧಿಗಳೆಲ್ಲಾ ಇಂಗ್ಲಿಷ್.

ಮೀಟಿಂಗಿನ ಪರದೆಯ ಮೇಲೆ ಗೆರೆಯೊಂದು ಏರುತ್ತಿತ್ತು:
ಬಾಯಿಯ ಕ್ಯಾನ್ಸರು, ಹತ್ತು ವರುಷ.
ಆ ಗೆರೆ ನನಗೆ ಗೊತ್ತು.
ಅದು ಅಕ್ಕಲಕೋಟೆಯ ಮೊದಲ ಎಸ್‌ಟಿಯಿಂದ ಇಳಿದು
ಸೆರಗಿನಲ್ಲಿ ದವಡೆ ಮುಚ್ಚಿಕೊಂಡು ಬರುತ್ತದೆ,
ಮಿಸ್ರಿ ತಿಕ್ಕಿದ ಬೆರಳು ಇನ್ನೂ ಕಪ್ಪು.
ಒಮ್ಮೊಮ್ಮೆ ಗೆರೆಗೆ ಇಪ್ಪತ್ತಾರು ವಯಸ್ಸು,
ಜೇಬಿನಲ್ಲಿ ಗುಟಕಾ ಪುಡಿಕೆ.

ಹೊಸದು ಬಂದಿದೆ, ಬಂದಿಲ್ಲವೆನ್ನಲಾರೆ.
ಫ್ರಿಜ್ಜಿನಲ್ಲಿ, ಎರಡರಿಂದ ಎಂಟು ಡಿಗ್ರಿಯ ನಡುವೆ,
ಮೈಯ ಕಾವಲುಗಾರರನ್ನೇ ಎಬ್ಬಿಸುವ ಔಷಧ.
ಒಂದು ಬಾಟಲಿಯ ಬೆಲೆಗೆ ಒಂದು ಜೋಡಿ ಎತ್ತು ಬರುತ್ತವೆ.
ಕಡಿಮೆ ಪ್ರಮಾಣವೂ ಕೆಲವರಿಗೆ ಒದಗುತ್ತದೆಂದು ತಿಳಿದ ಮೇಲೆ
ಗುರುವಾರ ನಾಲ್ವರನ್ನು ಒಟ್ಟಿಗೆ ಕರೆಯುತ್ತೇವೆ,
ಒಂದೇ ಬಾಟಲಿ, ನಾಲ್ಕು ಪಾಲು.
ವಳಸಂಗದವರಿಗೆ ಬಸ್ಸು ತಪ್ಪಿದರೆ
ಉಳಿದ ಮೂವರೂ ಬಾಗಿಲು ನೋಡುತ್ತಾ ಕೂಡುತ್ತಾರೆ,
ಬೀಗರು ಬಾರದೆ ಎಲೆ ಹಾಕಿಸಿಕೊಳ್ಳದವರ ಹಾಗೆ.

ಆ ಪಾಲೂ ಎಟುಕದವರಿಗೆ ಮೆಥೊಟ್ರೆಕ್ಸೇಟ್, ಹಳದಿ ಗುಳಿಗೆ.
ಹಳೆಯದು, ಅಗ್ಗದ್ದು, ಎಷ್ಟೋ ಜನರನ್ನು ಎಷ್ಟೋ ತಿಂಗಳು ನಡೆಸಿದೆ.
ವಾರಕ್ಕೊಮ್ಮೆ ಆರು.

ಖಂಡಪ್ಪನ ಚೀಟಿಯ ಮೇಲೆ ನಾನೇ ಬರೆದೆ, ದುಂಡಗೆ, ಮರಾಠಿಯಲ್ಲಿ:
ಆಠವಡ್ಯಾತೂನ್ ಏಕದಾ.
ಓದಿಯೂ ಹೇಳಿದೆ. ತಲೆಯಾಡಿಸಿದ.
ಅವನಿಗಿದ್ದದ್ದು ಅಡತಿ ಅಂಗಡಿಯ ಮರಾಠಿ, ತೂಕದ್ದು, ರೊಕ್ಕದ್ದು.
ಆಠ ಅಂದರೆ ಎಂಟು, ಏಕ ಅಂದರೆ ಒಂದು.
ಎಂಟು ದಿನ, ದಿನಕ್ಕೊಂದು ಸಲ.
ಒಂದು ದಿನವೂ ತಪ್ಪಿಸಲಿಲ್ಲ.
ತಿಂಗಳ ಗುಳಿಗೆ ಮುಗಿಯಿತು, ಮಗಳಿಗೆ ಹೇಳಿ
ಹೊರಗಿನ ಅಂಗಡಿಯಿಂದ ಇನ್ನಷ್ಟು ತರಿಸಿದ.

ಒಂಬತ್ತನೆಯ ದಿನ ಹೊತ್ತು ತಂದಾಗ
ತುಟಿಯ ಒಳಗೆ ಚರ್ಮವಿರಲಿಲ್ಲ.
ವಿಷ ಇಳಿಸುವ ಇಂಜೆಕ್ಷನ್ ನಾನೇ ಎಳೆದು ಕೊಟ್ಟೆ.
ಕಡತದಲ್ಲಿ ‘ರೋಗ ಉಲ್ಬಣ’ ಎಂದಿದೆ.
ಅದನ್ನು ಬರೆದವಳು ನಾನಲ್ಲ.
ಅಳಿಸಿರೆಂದು ಹೇಳಿದವಳೂ ನಾನಲ್ಲ.

ಈಗ ಕಿಟಕಿಯ ಮುಂದೆ ಮೈಂದರ್ಗಿಯ ಗೌರಾಬಾಯಿ.
ನಾಲ್ಕು ಕಾಗದದ ಪೊಟ್ಟಣ, ಒಂದೊಂದರಲ್ಲಿ ಆರು,
ಮೇಲೆ ಕನ್ನಡದಲ್ಲಿ: ಸೋಮವಾರ.

‘ಯಾವ ದಿನ ತಗೋತಿ ಯಕ್ಕಾ?’
‘ಉಪಾಸದ ದಿನ. ಶಿವನ ವಾರ.’
‘ಮಂಗಳಾರ?’
‘ಇಲ್ಲ.’
‘ಬುಧವಾರ?’
‘ಇಲ್ಲಬೇ ತಂಗಿ.’

ಶನಿವಾರದ ಹೊತ್ತಿಗೆ ಆಕೆಗೆ ಸಿಟ್ಟು ಬಂದಿದೆ,
ಹಿಂದಿನ ಸಾಲು ಗೊಣಗುತ್ತಿದೆ.
‘ಇಷ್ಟ್ಯಾಕ ಕೇಳ್ತಿ? ನಾ ಏನ್ ಸಾಲಿ ಹುಡುಗೇನು?’

ಗಾಜಿನ ತೂತಿಗೆ ಇನ್ನಷ್ಟು ಬಾಗುತ್ತೇನೆ.
‘ಆಯ್ತಾರ?’