ಕೈಗಡ

ಗುರುವಾರ ಸಂಜೆ ಏಳರಿಂದ ಎಂಟೂವರೆ
ನೆಲಮಾಳಿಗೆಯ ಬಟ್ಟೆಯಂತ್ರ ನಮ್ಮದು.
ಗೋಡೆಯ ಪಟ್ಟಿಯಲ್ಲಿ ಇರುವುದು ಒಂದೇ ಚೌಕ,
ಅದರೊಳಗೆ ಎರಡು ಹೆಸರು ಇರುಕಿಸಿದವಳು ಬುರುಲ್.
ಒಬ್ಬಳ ಬಟ್ಟೆಗೆ ಯಂತ್ರದ ಹೊಟ್ಟೆ ತುಂಬುವುದಿಲ್ಲ,
ಅರೆಹೊಟ್ಟೆಯಲ್ಲಿ ತಿರುಗಿಸಿದರೆ ಪಾಪ ಬರುತ್ತದೆ
ಎಂದು ಅವಳ ನಾರಿನ್ ಊರಿನ ಲೆಕ್ಕ.

ಮೊದಮೊದಲು ಬಿಳಿಯದು ಬೇರೆ, ಬಣ್ಣದ್ದು ಬೇರೆ.
ಆಮೇಲೊಂದು ವಾರ ಅವಳ ಕೆಂಪು ಟೋಪಿ
ನನ್ನ ಲ್ಯಾಬಿನ ಕೋಟನ್ನು ಗುಲಾಬಿ ಮಾಡಿತು.
ಪ್ರೊಫೆಸರ್ ನೋಡಿದರು, ಏನೂ ಕೇಳಲಿಲ್ಲ.
ಇದು ಔಲು. ಇಲ್ಲಿ ಯಾರೂ ಏನೂ ಕೇಳುವುದಿಲ್ಲ.

ಐವತ್ಮೂರು ನಿಮಿಷ ತೊಳೆತ. ಅಷ್ಟು ಹೊತ್ತೂ
ಬಿಸಿ ಪೈಪಿಗೆ ಬೆನ್ನು ಕೊಟ್ಟು
ಅವಳಿಗೆ ನಾನು ಸಂಭವನೀಯತೆಯ ಲೆಕ್ಕ,
ನನಗೆ ಅವಳು ಫಿನ್ನಿಶ್ ವಿಭಕ್ತಿ.
ಹದಿನೈದಂತೆ!
ನಮ್ಮ ಏಳಕ್ಕೇ ಮೇಷ್ಟ್ರ ಹತ್ತಿರ ಕಿವಿ ಹಿಂಡಿಸಿಕೊಂಡವಳು ನಾನು.
ಮನೆಯೊಳಗಿಂದ, ಮನೆಯ ಮೇಲಿಂದ, ಮನೆಯಿಲ್ಲದೆ...
ಇಲ್ಲದ್ದಕ್ಕೂ ಒಂದು ವಿಭಕ್ತಿ ಇಟ್ಟಿದ್ದಾರೆ ನೋಡೇ
ಎಂದು ಕಾಲ್ಚೀಲ ಮಡಚಿದಳು. ಒಂದು ನನ್ನದು, ಒಂದು ಅವಳದು.

ಚಳಿಗಾಲದಲ್ಲಿ ಬಂತು ಪರವಾನಗಿಯ ನವೀಕರಣ.
ಖಾತೆಯಲ್ಲಿ ಇಷ್ಟು ಯೂರೋ ಇದೆ ಎಂದು ತೋರಿಸಬೇಕು.
ಯಾರಲ್ಲೂ ಇರಲಿಲ್ಲ, ಎಲ್ಲರದೂ ಸೇರಿದರೆ ಇತ್ತು.
ತೊಮೆ ರಾತ್ರಿಯೆಲ್ಲ ಪತ್ರಿಕೆ ಹಂಚಿದ್ದು,
ನಾನು ಸುವೊನೆನ್ಯೋಕಿಯಲ್ಲಿ ಸೊಂಟ ಬಗ್ಗಿಸಿ
ಸ್ಟ್ರಾಬೆರಿ ಬಿಡಿಸಿದ್ದು,
ಮೇ ಹಬ್ಬದ ಮರುಬೆಳಗ್ಗೆ ಪಾರ್ಕಿನಲ್ಲಿ ಮೂವರೂ
ಖಾಲಿ ಬಾಟಲಿ ಹೆಕ್ಕಿದ್ದು.
ಜನವರಿಯಲ್ಲಿ ಆ ಗಂಟು ತೊಮೆಯ ಖಾತೆಯಲ್ಲಿ ಮಲಗಿತು,
ಫೆಬ್ರವರಿಯಲ್ಲಿ ಬುರುಲ್‌ಳದ್ದರಲ್ಲಿ,
ಮಾರ್ಚಿ ನನ್ನ ಸರದಿ.

ಇದಕ್ಕೆ ನಿಮ್ಮಲ್ಲಿ ಏನನ್ನುತ್ತೀರಿ, ಕೇಳಿದಳು.
ಕೈಗಡ ಎಂದೆ. ಕಾಗದವಿಲ್ಲ, ಬಡ್ಡಿಯಿಲ್ಲ.
ಕೈ ಅಂದರೆ? ಎತ್ತಿ ತೋರಿಸಿದೆ.
ತನ್ನದನ್ನು ಎತ್ತಿ ‘ಕೋಲ್’ ಎಂದಳು.
ನಮ್ಮಲ್ಲಿ ಕೋಲಿಂದ ಹೊಡೆಯುತ್ತಾರೆ ಎಂದೆ.
ನಮ್ಮಲ್ಲೂ ಕೋಲಿಂದಲೇ, ಎಂದಳು.

ಮಾರ್ಚಿ ಒಂದು. ದುಡ್ಡು ಬರಲಿಲ್ಲ.
ಎರಡು. ಮೂರು. ಫೋನು ಎತ್ತಲಿಲ್ಲ.
ಗುರುವಾರ ಒಬ್ಬಳೇ ಇಳಿದೆ.
ಅರೆಹೊಟ್ಟೆಯ ಯಂತ್ರ ಗೋಡೆಗೆ ತಲೆ ಚಚ್ಚಿಕೊಂಡಿತು.
ಅವಳು ತಿಂದ ನನ್ನ ಮೊಸರಿನ ಡಬ್ಬಗಳನ್ನೂ
ಬೆರಳು ಮಡಚಿ ಎಣಿಸಿದೆ,
ಅಷ್ಟು ಸಣ್ಣವಳಾದೆ.

ಓಣಿಯಲ್ಲಿ ಸ್ಕೀಗೆ ಮೇಣ ತಿಕ್ಕುತ್ತಿದ್ದ ಇಲ್ಮರಿಯನ್ನು ಕೇಳಿದೆ:
ಕೊಡುತ್ತಾಳಾ?
ತಲೆಯೆತ್ತದೆ ‘ಕೈ’ ಎಂದ.
ಅವನ ಭಾಷೆಯಲ್ಲಿ ಅದಕ್ಕೆ
‘ಇರಬಹುದು’ ಎಂದಷ್ಟೇ ಅರ್ಥ.
ನಾನು ಮಾತ್ರ ಮೇಣ ಮೆತ್ತಿದ ಅವನ ಬೆರಳುಗಳನ್ನೇ
ನೋಡುತ್ತ ನಿಂತೆ.

ಆರನೆಯ ದಿನ ಬಂತು, ಹನ್ನೆರಡು ಯೂರೋ ಕಡಿಮೆ.
ಹಿಂದೆಯೇ ಬಂದಳು, ರೆಪ್ಪೆಯ ಮೇಲೆ ಹಿಮ.
ಬ್ಯಾಂಕಿನವರು ಕಾಗದ ಕೇಳಿದರಂತೆ,
ಫೋನು ಹೊಳೆಯ ಐಸಿನ ಮೇಲೆ ಬಿದ್ದು ಸತ್ತಿತಂತೆ.
ನಿಜವೋ ಸುಳ್ಳೋ. ಔಲುವಿನವಳ ಹಾಗೆ ಏನೂ ಕೇಳಲಿಲ್ಲ.
ಕಡಿಮೆಯಾದದ್ದಕ್ಕೆ ಒಂದು ಚೀಲ ಲಿಂಗನ್ ಹಣ್ಣು ತಂದಿದ್ದಳು,
ಫ್ರೀಜರಿನದು, ಕಲ್ಲಿನಂಥದ್ದು.
ಹಲ್ಲು ಚುಳ್ಳೆನ್ನುವಷ್ಟು ಹುಳಿ.
ಮುಖ ಕಿವುಚುತ್ತ ಇಬ್ಬರೂ ಪೂರ್ತಿ ಖಾಲಿ ಮಾಡಿದೆವು.

ಜೂನಿನಲ್ಲಿ ಬಿಶ್ಕೆಕ್‌ಗೆ ಹೋದಳು.
ಹನ್ನೆರಡು ಯೂರೋ ತೀರಿಸುತ್ತೇನೆ
ಎಂದು ಪ್ರತಿ ತಿಂಗಳೂ ಬರೆಯುತ್ತಾಳೆ.
ಬೇಡ ಎಂದು ನಾನೂ ಬರೆಯುವುದಿಲ್ಲ.

ಈಗ ಸೆಪ್ಟೆಂಬರ್. ಪೆನ್ಸಿಲ್ ಹಿಡಿದು ಪಟ್ಟಿಯ ಮುಂದೆ
ಹ್ಯೂ ಊರಿನಿಂದ ಬಂದ ಹೊಸ ಹುಡುಗ ನಿಂತಿದ್ದಾನೆ,
ಗುರುವಾರದ ಚೌಕದ ಎರಡನೆಯ ಹೆಸರಿಗೆ ಬೆರಳಿಟ್ಟು
ಇವರು ಇನ್ನೂ ಬರುತ್ತಾರಾ, ಕೇಳುತ್ತಾನೆ.

‘ಕೈ’ ಎಂದೆ.
ಅಲ್ಲಿಯ ತನಕ ನಿನ್ನ ಬುಟ್ಟಿ ತಾ.
ಕೆಂಪು ಟೋಪಿ ಇದ್ದರೆ
ಅದೊಂದನ್ನು ಮಾತ್ರ ರೂಮಿನಲ್ಲೇ ಬಿಡು.